ನಾಲ್ಕು ಬೆರಳಿನ ಪಾದ

ನಾನು ಒಂದು ಪಾದ. ಎಡಗಾಲಿನದು, ಗಂಡಸಿನದು, ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನದು. ಹರಡಿನ, ಅಂದರೆ ಕಾಲಗಂಟಿನ, ಮೇಲೆ ನಾಲ್ಕು ಬೆರಳಿನಷ್ಟು ಎತ್ತರಕ್ಕೆ ನನ್ನನ್ನು ಸಪಾಟಾಗಿ ಕೊಯ್ದು ನಿಲ್ಲಿಸಿದ್ದಾರೆ. ಅದರಾಚೆಗೆ ನನಗೆ ಮೊಣಕಾಲಿಲ್ಲ, ಸೊಂಟವಿಲ್ಲ, ತಲೆಯಂತೂ ಇಲ್ಲವೇ ಇಲ್ಲ. ತಲೆಯಿಲ್ಲದೆ ಹೇಗೆ ಯೋಚನೆ ಮಾಡುತ್ತೀ ಎಂದು ಕೇಳಬೇಡಿ. ಐವತ್ತಕ್ಕೂ ಹೆಚ್ಚು ವರ್ಷ ನಿಂತಲ್ಲೇ ನಿಂತು ಎದುರಿಗಿದ್ದವರ ಮುಖ ನೋಡುತ್ತಿದ್ದರೆ ಯೋಚನೆ ಬೇಡವೆಂದರೂ ಬರುತ್ತದೆ.

ಸಾಕಾಗಿದೆ ನನಗೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಜನ ನಿಂತು ದಣಿದರೆ ಎಲ್ಲಾದರೂ ಕೂರುತ್ತಾರೆ. ಪಾದ ಎಲ್ಲಿ ಕೂರಬೇಕು?

ನಾನು ಹುಟ್ಟಿದ್ದು ಗದಗಿನಲ್ಲಿ, ಹತ್ತಿ ಪೇಟೆಯ ಒಂದು ಹಳೆಯ ಗೋದಾಮಿನ ಮಾಳಿಗೆಯ ಮೇಲೆ. ಅಲ್ಲಿ ತಿಪ್ಪಣ್ಣ ಮಾಸ್ತರರು ಎಂಬುವರು ಚಿತ್ರಕಲಾ ಶಾಲೆ ತೆರೆದಿದ್ದರು. ಮಕ್ಕಳಿಗೆ ಬರೆಯಲು ಮಾದರಿ ಬೇಕಾಗಿತ್ತು. ಕೆಳಗೆ ಹತ್ತಿಯ ಅಂಡಿಗೆ ಹೊರುತ್ತಿದ್ದ ಹಮಾಲ ದುರಗಪ್ಪನನ್ನು ಮಾಸ್ತರರು ಮೇಲಕ್ಕೆ ಕರೆಸಿ, ಸ್ಟೂಲಿನ ಮೇಲೆ ಕೂರಿಸಿ, ಅವನ ಎಡಗಾಲನ್ನು ತೊಳೆಸಿ ಕೊಬ್ಬರಿ ಎಣ್ಣೆ ಹಚ್ಚಿದರು. ಮೇಲೆ ಗಂಜಿಯಂಥ ಪ್ಲಾಸ್ಟರು ಸುರಿದು ಅಚ್ಚು ತೆಗೆಯಲು ಕೂತರು. ಪ್ಲಾಸ್ಟರು ಗಟ್ಟಿಯಾಗುವಾಗ ಕಾವು ಬರುತ್ತದೆ. ಅದು ದುರಗಪ್ಪನಿಗೆ ಗೊತ್ತಿರಲಿಲ್ಲ.

“ಮಾಸ್ತರ್ರ, ಕಾಲು ಬೇಯಾಕತ್ತೇತ್ರಿ,” ಅಂದ.

“ಬೇಯೂದಿಲ್ಲೋ ಮಾರಾಯಾ, ಸುಮ್ಮಕ ಕುಂದರು. ನೀ ಸತ್ತಮ್ಯಾಲೂ ಈ ಕಾಲು ನಿಂತಿರತೈತಿ.”

“ನಾ ಹೋದಮ್ಯಾಲೆ ಅದೊಂದ ನಿಂತು ಏನ ಮಾಡತೈತ್ರಿ?”

ಮಾಸ್ತರರು ಅಚ್ಚು ಬಿಚ್ಚುವ ಗಡಿಬಿಡಿಯಲ್ಲಿದ್ದರು. ಆ ಪ್ರಶ್ನೆ ಮಾತ್ರ ನನಗೆ ಹುಟ್ಟಿನಿಂದ ಅಂಟಿಕೊಂಡು ಬಂತು. ಎಂಟು ದಿನದ ಮೇಲೆ ದುರಗಪ್ಪ ನನ್ನನ್ನು ನೋಡಲು ಬಂದ. ಹಿಮ್ಮಡಿಯ ಬಿರುಕು, ಹೆಬ್ಬೆರಳಿನ ಒಡೆದ ಉಗುರು, ಕಿರುಬೆರಳು ಪಕ್ಕದ ಬೆರಳಿನ ಮೇಲೆ ಸ್ವಲ್ಪ ಹತ್ತಿ ಕೂತದ್ದು, ಎಲ್ಲ ಅವನದೇ. ಆದರೂ ಸುತ್ತ ತಿರುಗಿ ನೋಡಿ, “ಇದು ನಂದಲ್ಲ ಬಿಡ್ರಿ, ನಂದು ಇಷ್ಟ ಬೆಳ್ಳಗಿಲ್ಲ,” ಅಂದುಬಿಟ್ಟ. ಅಂದಿನಿಂದ ನಾನು ಯಾರ ಪಾದವೂ ಅಲ್ಲ, ಶಾಲೆಯ ಪಾದ.

ಆ ಶಾಲೆಗೆ ಒಂದು ಪದ್ಧತಿ ಇತ್ತು. ನನ್ನ ಎದುರಿನ ಗೋಡೆಗೆ ಈ ತುದಿಯಿಂದ ಆ ತುದಿಯವರೆಗೆ ತಂತಿ ಕಟ್ಟಿತ್ತು. ಶನಿವಾರ ಬೆಳಿಗ್ಗೆ ಮಾಸ್ತರರು ಆ ವಾರದ ಚಿತ್ರಗಳನ್ನೆಲ್ಲ ತಂತಿಗೆ ಕ್ಲಿಪ್ಪು ಹಾಕಿ ಜೋತುಬಿಡುತ್ತಿದ್ದರು. ಬಾಗಿಲ ಕಡೆ ಎಲ್ಲಕ್ಕಿಂತ ಚೆನ್ನಾದದ್ದು, ಅಲ್ಲಿಂದ ಇಳಿಯುತ್ತ ಇಳಿಯುತ್ತ ಕೊನೆಯಲ್ಲಿ ಕುಡಿಯುವ ನೀರಿನ ಹರವಿಯ ಹತ್ತಿರ ಎಲ್ಲಕ್ಕಿಂತ ಕೆಟ್ಟದ್ದು. ಎಲ್ಲರೂ ಅದನ್ನು ‘ಸಾಲು’ ಅನ್ನುತ್ತಿದ್ದರು. ಹರವಿಯ ಬಳಿ ಒಮ್ಮೆ ತೂಗಿದವರು ಸಾಮಾನ್ಯವಾಗಿ ಅಲ್ಲೇ ತೂಗುತ್ತಿದ್ದರು. ಎರಡು ತಿಂಗಳಾಗುವಷ್ಟರಲ್ಲಿ ಪ್ರತಿಯೊಬ್ಬರಿಗೂ ತನ್ನ ಕ್ಲಿಪ್ಪು ಯಾವುದೆಂದು ಗೊತ್ತಾಗಿಬಿಡುತ್ತಿತ್ತು. ಆಮೇಲೆ ಅದನ್ನು ಬಿಟ್ಟು ಕದಲುವ ಆಸೆ ಇರುತ್ತಿರಲಿಲ್ಲ.

ನಾನು ಬಂದ ನಾಲ್ಕನೆಯ ವರ್ಷ ಮೋನಪ್ಪ ಬಡಿಗೇರ ಅನ್ನುವ ಹುಡುಗ ಸೇರಿದ. ಬಡಗಿಗಳ ಮನೆಯವನು, ಗೆರೆ ಎಳೆದರೆ ದಾರ ಹಿಡಿದಂತೆ. ಮೊದಲ ಶನಿವಾರವೇ ಬಾಗಿಲ ಕಡೆಯ ಕ್ಲಿಪ್ಪು ಹಿಡಿದ, ಮೂರು ವರ್ಷ ಬಿಡಲಿಲ್ಲ. ಕೊನೆಯ ವರ್ಷ ಅವನು ಬರೆದ ನನ್ನ ಚಿತ್ರವನ್ನು ನೋಡಿ ತಿಪ್ಪಣ್ಣ ಮಾಸ್ತರರು, “ಇದು ಕಲತು ಬಂದದ್ದಲ್ಲ, ದೇವರು ಕೊಟ್ಟ ಕೈ,” ಅಂದರು. ಚಿತ್ರಕ್ಕೆ ಗಾಜು ಹಾಕಿಸಿ, ಚೌಕಟ್ಟು ಕಟ್ಟಿಸಿ, ನನ್ನ ಹಿಂದಿನ ಗೋಡೆಗೆ, ನನಗಿಂತ ಒಂದು ಗೇಣು ಮೇಲೆ ಮೊಳೆ ಹೊಡೆದು ತೂಗುಹಾಕಿದರು.

ನನ್ನ ಕಷ್ಟ ಶುರುವಾದದ್ದು ಆ ಮೊಳೆಯಿಂದ. ಅಲ್ಲಿಯವರೆಗೆ ಮಕ್ಕಳು ನನ್ನನ್ನು ನೋಡಿ ಬರೆಯುತ್ತಿದ್ದರು. ಕೆಲವರು ನನಗೆ ಆರು ಬೆರಳು ಕೊಟ್ಟರು, ಕೆಲವರು ನನ್ನನ್ನು ಬದನೆಕಾಯಿ ಮಾಡಿದರು. ಮಾಡಲಿ, ನೋಡಿಯಾದರೂ ಮಾಡುತ್ತಿದ್ದರು. ಚೌಕಟ್ಟು ಬಂದ ಮೇಲೆ ಎಲ್ಲರ ಕಣ್ಣು ಒಂದು ಗೇಣು ಮೇಲಕ್ಕೆ ಹೋಯಿತು. ತಿದ್ದಿ ತೀಡಿದ ಪಾದ ಅಲ್ಲಿ ಸಿದ್ಧವಾಗಿ ಇರುವಾಗ ಈ ಒರಟು ಹಮಾಲನ ಕಾಲನ್ನು ಯಾರು ನೋಡುತ್ತಾರೆ? ಅದನ್ನು ನೋಡಿ ಇಳಿಸಿಕೊಂಡವರು ಬಾಗಿಲ ಕಡೆ ಹೋದರು. ನನ್ನನ್ನು ನೋಡಿದವರು ಹರವಿಯ ಕಡೆ ಹೋದರು. ಮುಂದೆ ಯಾರೂ ನನ್ನನ್ನು ನೋಡಲಿಲ್ಲ.

ತಿಪ್ಪಣ್ಣ ಮಾಸ್ತರರು ತೀರಿಕೊಂಡ ಮೇಲೆ ಮೋನಪ್ಪನೇ ಆ ಶಾಲೆಯ ಮೇಷ್ಟರಾದ. ಇನ್ನು ಏಕವಚನ ಬೇಡ, ಮೋನಪ್ಪ ಸರ್ ಆದರು. ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಕೆಂಪು ಪೆನ್ಸಿಲ್ಲು. ಬೆಂಚುಗಳ ನಡುವೆ ತಿರುಗುತ್ತ ಮಕ್ಕಳ ಹಾಳೆಯ ಮೇಲೆ ತಪ್ಪು ಕಂಡಲ್ಲಿ ಕೆಂಪು ಗೆರೆ ಎಳೆಯುತ್ತಿದ್ದರು. “ಕೈಯಾಗ ಇದ್ದರ ಬರತೈತಿ, ಇಲ್ಲಂದ್ರ ಇಲ್ಲ. ನಾ ಏನ ಮಾಡ್ಲಿ?” ಅನ್ನುವುದು ಅವರ ಮಾತು. ಕೆಟ್ಟ ಮನುಷ್ಯರೇನಲ್ಲ. ಮಕ್ಕಳಿಗೆ ಹಾಳೆ ಇಲ್ಲದಿದ್ದರೆ ತಾವೇ ತಂದುಕೊಡುತ್ತಿದ್ದರು. ಆದರೆ ಅವರು ಚಿತ್ರ ಬರೆಯುವುದನ್ನು ನಾನು ಕಾಣಲಿಲ್ಲ.

ಪೂರ್ತಿ ಸುಳ್ಳು ಹೇಳಬಾರದು. ಮೊದಲ ವರ್ಷ ಎರಡು ಸಲ, ಶಾಲೆ ಬಿಟ್ಟ ಮೇಲೆ, ಬೋರ್ಡು ಹಿಡಿದು ನನ್ನ ಎದುರು ಕೂತಿದ್ದರು. ಎರಡನೆಯ ಸಲ ಮೆಟ್ಟಿಲ ಮೇಲೆ ಯಾರದೋ ಹೆಜ್ಜೆ ಸಪ್ಪಳ ಕೇಳಿತು. ಸರ್ ಹಾಳೆಯನ್ನು ಗಡಬಡಿಸಿ ಮಡಚಿ ಜೇಬಿಗೆ ತುರುಕಿದರು. ಕಳ್ಳತನ ಮಾಡಿದವರ ಹಾಗೆ ಮುಖ ಬೆವರಿತ್ತು. ದೇವರು ಕೊಟ್ಟ ಕೈ ತಪ್ಪು ಗೆರೆ ಎಳೆದದ್ದನ್ನು ಯಾರಾದರೂ ನೋಡಿದರೆ ದೇವರ ಮಾನವೂ ಹೋಯಿತು, ಇವರ ಮಾನವೂ ಹೋಯಿತು. ಆಮೇಲೆ ಅವರು ಕೂರಲಿಲ್ಲ. ಇಪ್ಪತ್ತೆರಡು ವರ್ಷ ಕೆಂಪು ಪೆನ್ಸಿಲ್ಲಿನಲ್ಲೇ ಕಳೆದರು. ಅವರಿಗೂ ದಣಿವಾಗಿತ್ತು, ನನಗೂ ಆಗಿತ್ತು. ಒಂದೇ ಕೋಣೆಯಲ್ಲಿದ್ದರೂ ಒಬ್ಬರನ್ನೊಬ್ಬರು ನೋಡದೆ ಇದ್ದುಬಿಟ್ಟೆವು.

ಹೀಗಿರುವಾಗ ನನ್ನ ಕಿರುಬೆರಳು ಮುರಿಯಿತು.

ಕಸ ಗುಡಿಸುವ ದ್ಯಾಮವ್ವ ಮೇಜಿನ ಧೂಳು ಹೊಡೆಯುವಾಗ ಬಾರಿಗೆಯ ಹಿಡಿ ತಾಗಿ ನಾನು ಪಕ್ಕಕ್ಕೆ ವಾಲಿದೆ. ಪೂರ್ತಿ ಬೀಳುವ ಮೊದಲೇ ಅವಳು ಹಿಡಿದಳು. ಆದರೆ ಕಿರುಬೆರಳು ಮೇಜಿನ ಅಂಚಿಗೆ ಬಡಿದು ಚಟ್ಟೆಂದು ಕಳಚಿ ಬಿತ್ತು. ದ್ಯಾಮವ್ವನಿಗಿಂತ ಮೊದಲು ಆ ಕೆಲಸದಲ್ಲಿದ್ದವಳು ಒಂದು ಪ್ಲಾಸ್ಟರಿನ ತಲೆ ಒಡೆದು ಅದೇ ದಿನ ಕೆಲಸ ಕಳೆದುಕೊಂಡು ಮನೆಗೆ ಹೋಗಿದ್ದಳು. ಇವಳು ಬೆರಳನ್ನು ಎತ್ತಿ ತನ್ನ ಎಲೆಅಡಿಕೆ ಸಂಚಿಯೊಳಗೆ, ಸುಣ್ಣದ ಡಬ್ಬಿಯ ಪಕ್ಕಕ್ಕೆ ಇಟ್ಟುಕೊಂಡಳು. ನನ್ನನ್ನು ಮೊದಲಿದ್ದ ಹಾಗೆ ನಿಲ್ಲಿಸಿ, “ಯಪ್ಪಾ, ಬಾಯಿ ಬಿಡಬ್ಯಾಡ,” ಎಂದು ನನಗೇ ಕೈ ಮುಗಿದಳು. ನನಗೆ ಬಾಯಿ ಎಲ್ಲಿದೆ ಬಿಡುವುದಕ್ಕೆ?

ಎರಡು ವಾರ ಅವಳು ಊಟ ಸರಿಯಾಗಿ ಮಾಡಲಿಲ್ಲ. ಮೂವತ್ತು ಮಕ್ಕಳು, ದಿನಕ್ಕೆ ನಾಲ್ಕು ತಾಸು, ನನ್ನ ಎದುರೇ ಕೂತು ನನ್ನನ್ನೇ ಬರೆಯುವುದು. ಇವತ್ತು ಸಿಕ್ಕಿಬಿದ್ದೆ, ನಾಳೆ ಸಿಕ್ಕಿಬಿದ್ದೆ ಎಂದು ಬಾಗಿಲ ಮರೆಯಲ್ಲಿ ನಿಂತು ನೋಡುತ್ತಿದ್ದಳು. ಶನಿವಾರ ಬಂತು. ಸಾಲಿನಲ್ಲಿ ಮೂವತ್ತು ಪಾದ ತೂಗಿದವು, ಮೂವತ್ತಕ್ಕೂ ಐದೈದು ಬೆರಳು. ದ್ಯಾಮವ್ವ ಎರಡೆರಡು ಸಲ ಎಣಿಸಿದಳು. ಮುಂದಿನ ಶನಿವಾರವೂ ಅಷ್ಟೇ. ತಿಂಗಳು ಕಳೆಯಿತು, ವರ್ಷ ಕಳೆಯಿತು, ಹೊಸ ಮಕ್ಕಳು ಬಂದರು. ಅವರೂ ಐದೇ ಬರೆದರು. ದ್ಯಾಮವ್ವನ ಹೆದರಿಕೆ ಹೋಗಿ ಕೊನೆಗೆ ಒಂಥರಾ ಬೇಸರ ಹತ್ತಿತು. ಒಂದು ಮಧ್ಯಾಹ್ನ ನನ್ನನ್ನು ಒರೆಸುತ್ತ, “ಇವ್ರಿಗೆ ಕಣ್ಣ ಅದಾವೋ ಗುಂಡಿ ಅದಾವೋ?” ಅಂದಳು. ನನ್ನ ಮನಸ್ಸಿನಲ್ಲಿ ಇದ್ದದ್ದನ್ನು ಅಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ.

ಬೆರಳು ಹೋಗಿ ವರ್ಷ ದಾಟಿದಾಗ ಫಕ್ಕೀರವ್ವ ಬಂದಳು.

ಬೆಟಗೇರಿಯ ನೇಕಾರರ ಮನೆಯವಳು. ಹತ್ತೊಂಬತ್ತು ವರ್ಷ. ಓದಿದ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟರೇ ಇರಲಿಲ್ಲವಂತೆ, ಅದಕ್ಕೇ ತಾನು ಡ್ರಾಯಿಂಗ್ ಟೀಚರ್ ಆಗಬೇಕೆಂದು ಹಟ. ಮನೆಯಲ್ಲಿ ಒಂದು ವರ್ಷದ ಮಾತಾಗಿತ್ತು. ಒಂದು ವರ್ಷದಲ್ಲಿ ಕೈ ಕುದುರಿದರೆ ಸರಿ, ಇಲ್ಲದಿದ್ದರೆ ತಾಯಿಯ ಜೊತೆ ಕೂತು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವುದು. ಅವಳಿಗೆ ಪೆನ್ಸಿಲ್ಲು ಹಿಡಿಯಲೂ ಸರಿಯಾಗಿ ಬರುತ್ತಿರಲಿಲ್ಲ, ಕೋಲು ಹಿಡಿದ ಹಾಗೆ ಹಿಡಿಯುತ್ತಿದ್ದಳು. ಮೊದಲ ಶನಿವಾರ ಹರವಿಯ ಹತ್ತಿರ ತೂಗಿದಳು. ಎರಡನೆಯ ಶನಿವಾರವೂ ತೂಗಿದಳು. ಐದು ತಿಂಗಳು ಅಲ್ಲೇ ತೂಗಿದಳು.

ಆದರೆ ಅವಳು ನೋಡುತ್ತಿದ್ದಳು.

ಅವಳ ಬೆಂಚು ಕಿಟಕಿಯ ಪಕ್ಕ, ನನ್ನ ಕಿರುಬೆರಳು ಇದ್ದ ಕಡೆ. ಒಂದು ಗೆರೆ ಎಳೆದು ತಲೆ ಎತ್ತುವಳು, ಮತ್ತೆ ಒಂದು ಗೆರೆ, ಮತ್ತೆ ತಲೆ ಎತ್ತುವಳು. ಕಣ್ಣು ಚೌಕಟ್ಟಿಗೆ ಹೋಗುತ್ತಿರಲಿಲ್ಲ. ಅವಳು ಬಿಸಿಲಿಗೆ ಕಣ್ಣು ಕಿರಿದು ಮಾಡಿ ನನ್ನ ಹಿಮ್ಮಡಿಯ ಬಿರುಕನ್ನು ಹುಡುಕುವಾಗ ನನಗೆ ಮೈಮೇಲೆ ಯಾರೋ ಕೈ ಇಟ್ಟ ಹಾಗೆ ಆಗುತ್ತಿತ್ತು. ಎಷ್ಟು ವರ್ಷದ ಮೇಲೆ! ಅಂಕುಡೊಂಕಾದ ಗೆರೆಗಳೇ, ಒಪ್ಪುತ್ತೇನೆ. ಮೊದಲ ತಿಂಗಳ ಹಾಳೆಯಲ್ಲಿ ನಾನು ಹರಿದ ಚಪ್ಪಲಿಯಂತಿದ್ದೆ. ಐದನೆಯ ತಿಂಗಳಲ್ಲಿ ಪಾದದಂತಿದ್ದೆ. ಅದನ್ನು ಯಾರೂ ಗಮನಿಸಲಿಲ್ಲ, ಯಾಕೆಂದರೆ ಸಾಲಿನಲ್ಲಿ ಅವಳ ಹಾಳೆ ಪಕ್ಕದವರ ಹಾಳೆಗಳ ಜೊತೆ ತೂಗುತ್ತಿತ್ತೇ ಹೊರತು ಅವಳದೇ ಹಳೆಯ ಹಾಳೆಯ ಜೊತೆ ತೂಗುತ್ತಿರಲಿಲ್ಲ. ನನ್ನ ಬೆರಳು ಹೋದದ್ದು ಅವಳ ಹಾಳೆಯಲ್ಲೂ ಇನ್ನೂ ಕಂಡಿರಲಿಲ್ಲ. ಅಲ್ಲಿಯವರೆಗೆ ಅವಳು ಪಾದವನ್ನು ಒಂದು ಬದಿಯಿಂದ, ಹಿಮ್ಮಡಿಯನ್ನೇ ಬರೆದು ಬರೆದು ಕಲಿಯುತ್ತಿದ್ದಳು. ಬೆರಳು ಬರೆಯಲು ಶುರುಮಾಡಿದ್ದು ಐದನೆಯ ತಿಂಗಳ ಕೊನೆಯ ವಾರ.

ನಾಲ್ಕು ಬರೆದಳು. ನಾಲ್ಕು ಬೆರಳು, ಐದನೆಯದರ ಜಾಗದಲ್ಲಿ ಒರಟಾದ ಒಂದು ಗಾಯ.

ಮೋನಪ್ಪ ಸರ್ ತಿರುಗುತ್ತ ಬಂದು ಹಾಳೆಯ ಮೇಲೆ ಬಗ್ಗಿದರು. “ಬೆರಳು ಎಷ್ಟ ಇರತಾವವ್ವ ಮನಷ್ಯಾಗ?” ಅಂದರು.

“ಐದು ರೀ ಸರ.”

“ಇಲ್ಲೆಷ್ಟ ಬರದಿ?”

“ಅಲ್ಲಿ ನಾಕ ಅದಾವ್ರಿ.”

ಸರ್ ತಿರುಗಿ ನೋಡಿದರು. ನನ್ನನ್ನಲ್ಲ, ಒಂದು ಗೇಣು ಮೇಲೆ ನೋಡಿದರು. ಅಲ್ಲಿ ಗಾಜಿನ ಹಿಂದೆ ಇಪ್ಪತ್ತೈದು ವರ್ಷದ ಹಿಂದೆ ತಾವೇ ಬರೆದ ಐದು ಬೆರಳು ಎಣಿಸಿದಂತೆ ಕೂತಿದ್ದವು. “ಎಣಸಾಕ ಬರದವರಿಗೆ ಬರಿಯಾಕ ಹೆಂಗ ಬರಬೇಕು,” ಎಂದು ಹಾಳೆಯ ಮೇಲೆ ಕೆಂಪು ಪೆನ್ಸಿಲ್ಲಿನಿಂದ ದಪ್ಪಗೆ ಒಂದು ಕಿರುಬೆರಳು ಬರೆದು ಮುಂದೆ ಹೋದರು. ಎಲ್ಲರೂ ನಕ್ಕರು. ಬಾಗಿಲ ಕಡೆಯ ಕ್ಲಿಪ್ಪಿನ ಒಡೆಯ ಕಳಕಪ್ಪ, ಗಜೇಂದ್ರಗಡದವನು, ಎಲ್ಲರಿಗಿಂತ ಜೋರಾಗಿ ನಕ್ಕ. ನನ್ನ ಸಿಟ್ಟನ್ನು ಏನೆಂದು ಹೇಳಲಿ! ಕಾಲಿದ್ದೂ ಒದೆಯಲಾರದ ಕಾಲು ನಾನು.

ಬಾಗಿಲ ಮರೆಯಲ್ಲಿ ದ್ಯಾಮವ್ವ ನಿಂತಿದ್ದಳು. ನಾಲ್ಕು ಬೆರಳು ಅನ್ನುವ ಮಾತು ಕೇಳಿ ಸಂಚಿಯನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದಳು. ಸರ್ ಕೆಂಪು ಗೆರೆ ಎಳೆದ ಮೇಲೆ ಉಸಿರು ಬಿಟ್ಟಳು. ಆಮೇಲೆ ಹುಡುಗಿಯ ಮುಖ ನೋಡಿ ಆ ಉಸಿರನ್ನು ಅರ್ಧಕ್ಕೇ ಹಿಡಿದಳು.

ಮುಂದಿನ ವಾರ ಫಕ್ಕೀರವ್ವ ತಲೆ ಎತ್ತಲಿಲ್ಲ. ಕಳಕಪ್ಪನ ಹಳೆಯ ಹಾಳೆಯೊಂದನ್ನು ಯಾರಿಂದಲೋ ಇಸಿದುಕೊಂಡು ಬೋರ್ಡಿನ ಕೆಳಗೆ ಇಟ್ಟುಕೊಂಡಿದ್ದಳು. ಅದನ್ನು ನೋಡಿ ನೋಡಿ ಇಳಿಸಿದಳು. ನಾನು ಎದುರಿಗೇ ಇದ್ದೆ. ನಾಲ್ಕು ದಿನದಲ್ಲಿ ಒಂದು ಸಲವೂ ನನ್ನ ಕಡೆ ಕಣ್ಣು ಬರಲಿಲ್ಲ. ಐದು ಬೆರಳು ಬರೆದಳು, ಉಗುರಿನ ಸಮೇತ.

ಶನಿವಾರ ಅವಳ ಹಾಳೆ ಹರವಿ ಬಿಟ್ಟು ಬಾಗಿಲ ಕಡೆಯಿಂದ ನಾಲ್ಕನೆಯ ಕ್ಲಿಪ್ಪಿಗೆ ಹೋಯಿತು. “ನೋಡಿದ್ರ್ಯಾ, ಈಗ ಕೈ ಕುಂತು,” ಎಂದು ಸರ್ ಎಲ್ಲರಿಗೂ ತೋರಿಸಿದರು. ಮಕ್ಕಳು ಚಪ್ಪಾಳೆ ಹೊಡೆದರು. ಫಕ್ಕೀರವ್ವ ಮಾತ್ರ ತಲೆ ತಗ್ಗಿಸಿ ನಿಂತಿದ್ದಳು. ಎಲ್ಲರೂ ಹೋದ ಮೇಲೆ ಹರವಿಯ ಹತ್ತಿರದ ಖಾಲಿ ಕ್ಲಿಪ್ಪನ್ನು ಸ್ವಲ್ಪ ಹೊತ್ತು ನೋಡಿ, ಪೆನ್ಸಿಲ್ಲು, ಬೋರ್ಡು, ಆ ಕೆಂಪು ಬೆರಳಿನ ಹಳೆಯ ಹಾಳೆ ಎಲ್ಲ ಚೀಲಕ್ಕೆ ತುಂಬತೊಡಗಿದಳು.

ದ್ಯಾಮವ್ವ ಬಾರಿಗೆ ಹಿಡಿದು ಬಂದವಳು, “ಯಾಕ ತಂಗಿ, ಎಲ್ಲಾ ಕಟಗೊಂಡ ನಡದಿ? ಇವತ್ತ ಮ್ಯಾಲ ಹೋದೀಯಲ್ಲ, ಖುಷಿ ಇಲ್ಲೇನ?” ಅಂದಳು.

“ಆಯೀ, ನಾ ಐದು ತಿಂಗಳು ಕಣ್ಣು ಹರಿಯೂಮಟ ನೋಡಿ ಬರದೆ. ಕಡೀಕ ಕುಂತೆ. ಈ ವಾರ ಒಮ್ಮೆನೂ ನೋಡಲಿಲ್ಲ. ನಾಕನೇದ್ದಕ್ಕ ಬಂದೆ. ಇಲ್ಲಿ ನಾ ಕಲಿಯೂದರೆ ಏನು?” ಅವಳ ದನಿ ಸಣ್ಣಗಿತ್ತು. “ಮತ್ತ ಅಲ್ಲಿ ನಾಕ ಅದಾವೋ ಐದ ಅದಾವೋ, ನನಗ ಈಗ ಖರೇನ ತಿಳೀವಲ್ತು. ಮಂಗಳವಾರ ಬಂದು ಕಾಗದಪತ್ರ ತಗೊಂಡು ಹೊಕ್ಕೇನಿ. ಕಂಡಿಕಿ ಸುತ್ತೂದು ಛಲೋ, ಅದಕ್ಕ ಯಾರೂ ನಗೂದಿಲ್ಲ.”

ಅವಳು ಮೆಟ್ಟಿಲಿಳಿದು ಹೋದಳು. ದ್ಯಾಮವ್ವ ಬಾರಿಗೆ ಊರಿಕೊಂಡು ನನ್ನ ಎದುರೇ ನಿಂತಳು. ಸಂಚಿಯನ್ನು ಬಿಚ್ಚುವುದು, ಕಟ್ಟುವುದು, ಮತ್ತೆ ಬಿಚ್ಚುವುದು. ಅವಳ ಲೆಕ್ಕ ನನಗೆ ಅರ್ಥವಾಗುತ್ತಿತ್ತು. ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ, ಬಿಡದಿದ್ದರೆ ಹುಡುಗಿ ಹೋಗುತ್ತಾಳೆ.

ಸೋಮವಾರ ಮಧ್ಯಾಹ್ನ ಮೋನಪ್ಪ ಸರ್ ಒಬ್ಬರೇ ನನ್ನ ಮೇಜಿನ ತುದಿಯಲ್ಲಿ ರೊಟ್ಟಿಯ ಡಬ್ಬಿ ಬಿಚ್ಚಿ ಕೂತಿದ್ದರು. ದ್ಯಾಮವ್ವ ಬಂದು, ಸಂಚಿಯಿಂದ ಬೆರಳನ್ನು ತೆಗೆದು ಡಬ್ಬಿಯ ಪಕ್ಕಕ್ಕೆ ಇಟ್ಟಳು. ಎಲೆಯ ಹಸಿರು, ಅಡಿಕೆಯ ಕಂದು ಹತ್ತಿ ಅದು ನನ್ನದೆಂದು ನನಗೇ ಗುರುತು ಸಿಗಲಿಲ್ಲ.

“ಏನಿದು ದ್ಯಾಮಕ್ಕ?”

“ಬೆರಳು ರೀ ಸರ. ಆ ಕಾಲಿಂದು.”

“ಯಾವಾಗ ಮುರೀತು?”

“ಹ್ವಾದ ವರ್ಷ ಯುಗಾದಿ ಮುಂದ. ನಾನ ಮುರದೇನ್ರಿ. ಹೊರಗ ಹಾಕೂದಿದ್ದರ ಹಾಕ್ರಿ, ಆದರ ಆ ಹುಡುಗಿದು ತಪ್ಪಿಲ್ಲ. ಆಕಿ ಒಬ್ಬಾಕೀನ ನೋಡಿ ಬರದಾಕಿ.”

ಸರ್ ರೊಟ್ಟಿಯನ್ನು ಡಬ್ಬಿಗೆ ಹಾಕಿದರು. ಎದ್ದು ನನ್ನ ಮುಂದೆ ಬಂದರು. ಮೊದಲು ಚೌಕಟ್ಟನ್ನು ನೋಡಿದರು, ಆಮೇಲೆ ಒಂದು ಗೇಣು ಕೆಳಗೆ ನನ್ನನ್ನು ನೋಡಿದರು. ಮುರಿದ ಜಾಗವನ್ನು ಹೆಬ್ಬೆರಳಿನಿಂದ ಸವರಿದರು. ಅವರ ಕೈ ತಣ್ಣಗಿತ್ತು.

“ಒಂದೂವರೆ ವರ್ಷ,” ಅಂದರು. “ದಿನಾ ಇದರ ಮುಂದ ಅಡ್ಡಾಡೀನಿ.”

“ನಾ ಏನ ಮಾಡ್ಲಿ ಈಗ, ಹೋಗ್ಲೋ ಇರ್ಲೋ?” ಅಂದಳು ದ್ಯಾಮವ್ವ.

“ನೀ ಯಾಕ ಹೊಕ್ಕಿ? ಹೋಗೂದಿದ್ದರ ನಾ ಹೋಗಬೇಕು,” ಎಂದು ಸರ್ ಸ್ಟೂಲು ಎಳೆದುಕೊಂಡರು. “ಬಾಗಲಾ ಹಾಕು. ಅಲ್ಲ, ಬ್ಯಾಡ, ತೆಗದ ಇರ್ಲಿ.”

ಕಳಕಪ್ಪನ ಬೋರ್ಡು ಹತ್ತಿರ ಇತ್ತು, ಅದನ್ನೇ ತೊಡೆಯ ಮೇಲೆ ಇಟ್ಟುಕೊಂಡರು. ಆ ಮಧ್ಯಾಹ್ನವನ್ನು ನಾನು ಮರೆಯುವುದಿಲ್ಲ. ಮೊದಲ ಗೆರೆಯೇ ತಪ್ಪಿತು. ರಬ್ಬರು ಹುಡುಕಿದರು, ಸಿಗಲಿಲ್ಲ, ಅದರ ಪಕ್ಕದಲ್ಲೇ ಇನ್ನೊಂದು ಎಳೆದರು. ಇಪ್ಪತ್ತೆರಡು ವರ್ಷ ಬೇರೆಯವರ ತಪ್ಪಿನ ಮೇಲೆ ಓಡಾಡಿದ ಕೈ, ತನ್ನದೇ ಗೆರೆ ಎಲ್ಲಿಂದ ಶುರುಮಾಡಬೇಕೆಂದು ಹಾಳೆಯ ಮೇಲೆ ಹುಡುಕುತ್ತಿತ್ತು. ಊಟದ ಬಿಡುವು ಮುಗಿದು ಮಕ್ಕಳು ಬಂದರು. ಬಾಗಿಲಲ್ಲೇ ನಿಂತರು. ಸರ್ ಹಾಳೆ ಮಡಚಲಿಲ್ಲ, ಬೆವರು ಒರೆಸಿಕೊಂಡು ಬರೆಯುತ್ತಲೇ ಇದ್ದರು.

ಮಂಗಳವಾರ ಫಕ್ಕೀರವ್ವ ಬಂದಾಗ ಸಾಲಿನಲ್ಲಿ ಒಂದೇ ಒಂದು ಹಾಳೆ ತೂಗುತ್ತಿತ್ತು, ಹರವಿಯ ಹತ್ತಿರದ ಕೊನೆಯ ಕ್ಲಿಪ್ಪಿಗೆ. ಕೆಳಗೆ ಮೋ. ಬಡಿಗೇರ ಎಂದು ಸಹಿ. ಗೋಡೆಯ ಚೌಕಟ್ಟು ಕೆಳಗಿಳಿದು ಮುಖ ಗೋಡೆಗೆ ತಿರುಗಿಸಿಕೊಂಡು ಮೂಲೆಯಲ್ಲಿತ್ತು. ಮಕ್ಕಳೆಲ್ಲ ಸಾವಿನ ಮನೆಯಲ್ಲಿದ್ದವರ ಹಾಗೆ ಕೂತಿದ್ದರು.

“ಕಾಗದಪತ್ರ ಕೊಡ್ತೇನಿ,” ಅಂದರು ಸರ್. “ಅದಕ್ಕೂ ಮೊದಲ ಒಂದು ಕೆಲಸ ಮಾಡು.” ಜೇಬಿನಿಂದ ಕೆಂಪು ಪೆನ್ಸಿಲ್ಲು ತೆಗೆದು ಅವಳ ಕೈಗೆ ಕೊಟ್ಟರು. “ಆ ಚಿತ್ರದಾಗ ತಪ್ಪು ಎಲ್ಲೆಲ್ಲಿ ಅದಾವ, ತೋರಸು.”

“ನಾ ಹೆಂಗ ತೋರಸ್ಲಿ ಸರ, ನಿಮ್ಮ ಚಿತ್ರಕ್ಕ?”

“ಈ ಕೋಣ್ಯಾಗ ಆ ಪಾದಾ ನೋಡಿದಾಕಿ ನೀ ಒಬ್ಬಾಕಿ. ನಾ ಕೇಳೂದು ಇನ್ಯಾರನ್ನ?”

ಅವಳು ನನ್ನನ್ನು ನೋಡಿದಳು. ಚಿತ್ರ ನೋಡಿದಳು. ಮತ್ತೆ ನನ್ನನ್ನು ನೋಡಿದಳು. ಪೆನ್ಸಿಲ್ಲನ್ನು ಕೋಲು ಹಿಡಿದ ಹಾಗೆಯೇ ಹಿಡಿದು ಹಿಮ್ಮಡಿಯ ಹತ್ತಿರ ಸಣ್ಣ ಗೆರೆ ಎಳೆದಳು. “ಇಲ್ಲಿ ಭಾರ ಬಿದ್ದಿಲ್ಲರೀ. ನಿಂತ ಕಾಲು ಇದು, ಹಿಮ್ಮಡಿ ಅಗಲ ಆಗಬೇಕು.” ಸ್ವಲ್ಪ ತಡೆದು, “ಬೆರಳು ಮಾತ್ರ ಬರೋಬ್ಬರಿ ಅದಾವ್ರಿ. ನಾಕ.”

ಯಾರೂ ನಗಲಿಲ್ಲ. ಸರ್ ಹತ್ತಿರ ಹೋಗಿ ಹಿಮ್ಮಡಿ ನೋಡಿದರು. “ಹೌದು. ಬಂದಿಲ್ಲ,” ಅಂದರು. ಆಮೇಲೆ, “ಇನ್ನಾ ಬಂದಿಲ್ಲ. ನಾಳೆ ಮತ್ತ ಕುಂದರತೇನಿ,” ಅಂದರು. ಅವರು ತಮ್ಮ ಬಗ್ಗೆ ಹಾಗೆ ಹೇಳಿದ್ದು ನಾನು ಕೇಳಿದ ಮೊದಲ ಸಲ. ಫಕ್ಕೀರವ್ವ ಕಾಗದಪತ್ರ ಕೇಳುವುದನ್ನು ಮರೆತಳೋ, ಬಿಟ್ಟಳೋ ಗೊತ್ತಿಲ್ಲ. ಸಂಜೆಯವರೆಗೆ ಕಿಟಕಿಯ ಪಕ್ಕದ ಬೆಂಚಿನಲ್ಲೇ ಇದ್ದಳು.

ಆ ವಾರದಿಂದ ಸಾಲು ಬೇರೆಯಾಯಿತು. ಒಬ್ಬರದು ಒಂದು ಶನಿವಾರ. ಅವರ ಮೊದಲ ವಾರದ ಹಾಳೆಯಿಂದ ಈ ವಾರದ ಹಾಳೆಯವರೆಗೆ ಅವರದಷ್ಟೇ ತೂಗುವುದು. ಫಕ್ಕೀರವ್ವನ ಸರದಿ ಬಂದಾಗ ಹರಿದ ಚಪ್ಪಲಿ ಒಂದೊಂದೇ ಕ್ಲಿಪ್ಪು ದಾಟಿ ಪಾದವಾಗುತ್ತ ಬಂದದ್ದನ್ನು ಎಲ್ಲರೂ ನೋಡಿದರು. ಬೆಟಗೇರಿಯಿಂದ ಅವಳ ತಾಯಿಯೂ ಬಂದು ನೋಡಿದಳು, ಒಂದು ಬೆರಳು ಎತ್ತಿ ಇನ್ನೊಂದು ವರ್ಷ ಎಂದು ಸನ್ನೆ ಮಾಡಿ ಹೋದಳು. ಕಳಕಪ್ಪನ ಸರದಿಯ ದಿನ ಮೊದಲ ಹಾಳೆಗೂ ಕೊನೆಯ ಹಾಳೆಗೂ ಒಂದು ಕೂದಲಿನಷ್ಟೂ ವ್ಯತ್ಯಾಸ ಇರಲಿಲ್ಲ. ಅವನು ಒಂದು ತಿಂಗಳು ಶಾಲೆಗೆ ಬರಲಿಲ್ಲ. ಆಮೇಲೆ ಬಂದು, ಹಿಂದಿನ ಬೆಂಚಿನಲ್ಲಿ ಕೂತು, ಮೊದಲ ಸಲ ನನ್ನನ್ನು ನೋಡಿ ಬರೆದ. ಬದನೆಕಾಯಿಯಾಯಿತು. ನನಗೆ ನಗು ಬಂತು, ಸಮಾಧಾನವೂ ಆಯಿತು.

ಎಲ್ಲರೂ ಗೆದ್ದರು ಅಂದುಕೊಳ್ಳಬೇಡಿ. ಎಷ್ಟೋ ಮಕ್ಕಳು ನಡುವೆಯೇ ಬಿಟ್ಟರು. ಮೋನಪ್ಪ ಸರ್ ಹನ್ನೊಂದು ವರ್ಷ ವಾರಕ್ಕೊಮ್ಮೆ ನನ್ನ ಎದುರು ಕೂತರು, ಹಿಮ್ಮಡಿ ಕೊನೆಯವರೆಗೂ ಅವರಿಗೆ ಒಲಿಯಲಿಲ್ಲ. ಪ್ರತಿ ಸಲವೂ “ಇನ್ನಾ ಬಂದಿಲ್ಲ” ಎಂದು ಏಳುತ್ತಿದ್ದರು. ಕಾಯಿಲೆ ಬಿದ್ದ ಮೇಲೆ ಶಾಲೆ ಮುಚ್ಚಿತು. ಆಗ ಫಕ್ಕೀರವ್ವ ರೋಣದ ಕಡೆಯ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದಳು. ಸರ್ ಅವಳನ್ನು ಕರೆಸಿ ನನ್ನನ್ನು ಕೊಟ್ಟರು. ಹಳೆಯ ಸೀರೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಕೂತಳು. ಕಂಡಕ್ಟರ್, “ಏನವ್ವಾ ಅದು, ಕೂಸಾ?” ಅಂದ. “ಕಾಲು ರೀ,” ಅಂದಳು. ಅವನು ಟಿಕೆಟ್ಟು ಹರಿದುಕೊಟ್ಟು ಮುಂದಿನ ಸೀಟಿಗೆ ಹೋದ. ಹುಟ್ಟಿದ ಮೇಲೆ ನಾನು ನಡೆದ ದೂರ ಅಷ್ಟೇ, ಅದೂ ಇನ್ನೊಬ್ಬರ ತೊಡೆಯ ಮೇಲೆ.

ಈಗ ಆ ಹೈಸ್ಕೂಲಿನಲ್ಲಿ ಹದಿನಾಲ್ಕು ವರ್ಷವಾಯಿತು. ನನ್ನ ಮೈ ಹಳದಿಯಾಗಿದೆ, ಹಿಮ್ಮಡಿಯ ಬಿರುಕಿನಲ್ಲಿ ಮಕ್ಕಳು ಪೆನ್ಸಿಲ್ಲಿನ ಸೀಸ ತುಂಬಿದ್ದಾರೆ. ಫಕ್ಕೀರವ್ವ ಟೀಚರಿಗೆ ಕೂದಲು ನೆರೆತಿದೆ, ಕನ್ನಡಕ ಬಂದಿದೆ. ಐದು ತರಗತಿ, ಇನ್ನೂರು ಮಕ್ಕಳು, ಡ್ರಾಯಿಂಗಿನ ಪಿರಿಯಡ್ಡು ಬಂದರೆ ಗಣಿತದವರು ಬಂದು ಕಿತ್ತುಕೊಳ್ಳುವುದು. ಸಂಜೆಗೆ ಅವಳ ಕಾಲು ಬಾತಿರುತ್ತದೆ. ನಾನು ಬಂದ ಮೊದಲ ದಿನವೇ ಅವಳು ಒಂದು ಕೆಲಸ ಮಾಡಿದ್ದಳು. ತನ್ನ ಆ ಹಳೆಯ ಹಾಳೆಯನ್ನು, ನಾಲ್ಕು ಬೆರಳು ಮತ್ತು ಮೋನಪ್ಪ ಸರ್ ಬರೆದ ಕೆಂಪು ಬೆರಳು ಇರುವ ಹಾಳೆಯನ್ನು, ನನ್ನ ಹಿಂದಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದಳು. ಪ್ರತಿ ವರ್ಷ ಹೊಸ ಮಕ್ಕಳಿಗೆ ಅದರ ಕಥೆ ಹೇಳಿ, “ನೋಡಿ ಬರೀರಿ,” ಅನ್ನುತ್ತಿದ್ದಳು. ಮಕ್ಕಳು ಕಥೆ ಕೇಳಿ ತಲೆಯಾಡಿಸಿ, ಒಂದು ಗೇಣು ಮೇಲೆ ನೋಡಿ ಬರೆಯುತ್ತಿದ್ದರು. ನಾಲ್ಕು ಬೆರಳು, ತಪ್ಪದೆ ನಾಲ್ಕು. ಟೀಚರಿಗೆ ಸಂತೋಷವಾಗುತ್ತಿತ್ತು. ನಾನು ಮತ್ತೆ ಯಾರ ಕಣ್ಣಿಗೂ ಬೀಳದೆ ನಿಂತೆ. ಯಾರನ್ನು ದೂರಲಿ? ಅವಳನ್ನೇ?

ಹೋದ ಬೇಸಿಗೆಯಲ್ಲಿ ಬೆಂಚು ಸರಿಸುವಾಗ ನನ್ನ ಇನ್ನೊಂದು ಬೆರಳು ಹೋಯಿತು. ಯಾರು ಸರಿಸಿದರೋ, ತುಂಡನ್ನು ಕಿಟಕಿಯಾಚೆ ಎಸೆದರು. ಶಾಲೆ ತೆರೆದು ಎರಡು ತಿಂಗಳು ಎಲ್ಲರೂ ನಾಲ್ಕೇ ಬರೆದರು.

ನಿನ್ನೆ ಒಂಬತ್ತನೆಯ ತರಗತಿಯ ಮಾಬೂಬಿ ಹಾಳೆ ತೋರಿಸಲು ತಂದಳು. ಕೊನೆಯ ಬೆಂಚಿನವಳು, ಗೆರೆ ಅಂಕುಡೊಂಕು. ಟೀಚರ್ ಕುರ್ಚಿಯಲ್ಲಿ ಕೂತು ಹಾಳೆಗಳ ರಾಶಿಗೆ ಒಂದೊಂದೇ ಗುರುತು ಹಾಕುತ್ತಿದ್ದಳು. ಮಾಬೂಬಿಯ ಹಾಳೆಯ ಮೇಲೆ ಕೆಂಪು ಪೆನ್ನು ನಿಂತಿತು.

“ಒಂದು ಬೆರಳು ಬಿಟ್ಟಿಯಲ್ಲವ್ವ. ಕಥಿ ಹೇಳಿದ್ದೆ, ಎಷ್ಟ ಅಂದಿದ್ದೆ?”

“ನಾಕ ಅಂದಿದ್ರಿ ಟೀಚರ್.”

“ಮತ್ತ?”

“ಅಲ್ಲಿ ಮೂರ ಅದಾವ್ರಿ.”

ಪೆನ್ನಿನ ತುದಿ ಹಾಳೆಗೆ ತಾಗಿತ್ತು. ಒಂದು ಕೆಂಪು ಚುಕ್ಕಿ ಮೂಡಿತ್ತು. ಅಲ್ಲಿಗೇ ನಿಂತಿತು. ಫಕ್ಕೀರವ್ವ ತಲೆ ಎತ್ತಲಿಲ್ಲ, ಮಿಸುಕಾಡಲಿಲ್ಲ. ಬೆಳಗಿನಿಂದ ನಿಂತು ಬಾತ ಕಾಲು, ಈಗಷ್ಟೇ ಕೂತಿದ್ದಾಳೆ. ಏಳು, ಅಂದೆ ನಾನು ಮನಸ್ಸಿನಲ್ಲಿ. ನಿನಗೆ ಎಷ್ಟು ದಣಿವಾಗಿದೆ ಎಂದು ಗೊತ್ತು, ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು, ಆದರೂ ಏಳು.

ಕುರ್ಚಿಯ ಕೈ ಹಿಡಿದು ಎದ್ದಳು. ಮೇಜು ಬಳಸಿ ಬಂದು, ನನ್ನ ಮಟ್ಟಕ್ಕೆ ಬಗ್ಗಿ, ಕನ್ನಡಕ ತೆಗೆದು ಒರೆಸಿ ಹಾಕಿಕೊಂಡಳು. ಬೆರಳಿನಿಂದ ಮುಟ್ಟಿ ಎಣಿಸಿದಳು. ಒಂದು, ಎರಡು, ಮೂರು. ಮುರಿದ ಜಾಗದಲ್ಲಿ ಅವಳ ಬೆರಳು ಸ್ವಲ್ಪ ಹೊತ್ತು ನಿಂತಿತು.

“ಹೌದಲ್ಲ,” ಅಂದಳು. “ನಾ ನೋಡೇ ಇಲ್ಲ.”

ಅವಳು ಗೋಡೆಯ ಕಡೆ ಕೈ ಚಾಚಿ ತನ್ನ ಹಳೆಯ ಹಾಳೆಯನ್ನು ಮೊಳೆಯಿಂದ ಬಿಡಿಸಿ, ಸುರುಳಿ ಸುತ್ತಿ ಕಪಾಟಿನಲ್ಲಿಟ್ಟಳು. ಒಂದು ಖಾಲಿ ಹಾಳೆ, ಒಂದು ಪೆನ್ಸಿಲ್ಲು ತೆಗೆದುಕೊಂಡು ಹಿಂದಿನ ಬೆಂಚಿಗೆ ನಡೆದಳು.

“ಸ್ವಲ್ಪ ಸರಿ ಮಾಬೂಬಿ, ನನಗೂ ಜಾಗಾ ಬಿಡು.”

ನಾ ಹೋದಮ್ಯಾಲೆ ಅದೊಂದ ನಿಂತು ಏನ ಮಾಡತೈತ್ರಿ ಎಂದು ದುರಗಪ್ಪ ಕೇಳಿದ್ದ. ಉತ್ತರ ಇನ್ನೂ ನನಗೆ ಸರಿಯಾಗಿ ಗೊತ್ತಿಲ್ಲ. ನಿಂತಿದ್ದೇನೆ, ಮೂರು ಬೆರಳಿನ ಮೇಲೆ. ಹಿಂದಿನ ಬೆಂಚಿನಲ್ಲಿ ಟೀಚರ್ ಹಾಳೆಯ ಮೇಲೆ ಒಂದು ಗೆರೆ ಎಳೆದಳು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದಳು.